ಲಾರಿ ಎಂಜಿನ್‌ಗೆ ಕಡಿಮೆ ಡಿಗ್ರಿಯ ಥರ್ಮೋಸ್ಟ್ಯಾಟ್: ಯಾವಾಗ ಹಾಕಬೇಕು, ಯಾವುದನ್ನು ಆರಿಸಬೇಕು, ಹೇಗೆ ಕೂರಿಸಬೇಕು

ಲೋಡ್ ಹೊತ್ತ ಲಾರಿ ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಕುದಿಯುತ್ತದೆ. ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆ, ‘ಥರ್ಮೋಸ್ಟ್ಯಾಟ್ ತೆಗೆದು ಬಿಸಾಡಿ’. ಎರಡನೆಯದು, ‘ಎಂಬತ್ತೆರಡು ತೆಗೆದು ಎಪ್ಪತ್ತೊಂದು ಹಾಕಿ’. ಎರಡನ್ನೂ ಪಾಲಿಸಿದ ಮಾಲೀಕರ ಲಾರಿಗಳು ಮುಂದಿನ ಟ್ರಿಪ್ಪಿನಲ್ಲಿ ಅದೇ ತಿರುವಿನಲ್ಲಿ ಬಾನೆಟ್ ತೆರೆದು ನಿಂತಿರುತ್ತವೆ. ತಪ್ಪು ಥರ್ಮೋಸ್ಟ್ಯಾಟಿನದ್ದಲ್ಲ, ಅದರಿಂದ ಆಗದ ಕೆಲಸವನ್ನು ಅದಕ್ಕೆ ಒಪ್ಪಿಸಿದವರದ್ದು.

ಥರ್ಮೋಸ್ಟ್ಯಾಟ್ ಎಂಜಿನ್ ಎಷ್ಟಕ್ಕಿಂತ ಕಡಿಮೆ ಬಿಸಿ ಇರಬಾರದು ಎಂಬುದನ್ನು ನಿರ್ಧರಿಸುತ್ತದೆ. ಎಷ್ಟಕ್ಕಿಂತ ಹೆಚ್ಚು ಬಿಸಿಯಾಗಬಾರದು ಎಂಬುದನ್ನು ನಿರ್ಧರಿಸುವುದು ರೇಡಿಯೇಟರ್, ಫ್ಯಾನ್ ಮತ್ತು ವಾಟರ್ ಪಂಪ್. ಒಳಗಿನ ಮೇಣ ಕರಗಿ ಹಿಗ್ಗಿದಾಗ ಅದರ ವಾಲ್ವ್ ತೆರೆದು ಎಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. 82 ಎಂದು ಬರೆದಿರುವುದು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯಲು ಶುರುಮಾಡಿ, ಇನ್ನೊಂದು ಹತ್ತು–ಹನ್ನೆರಡು ಡಿಗ್ರಿ ಏರುವ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. 71ರದ್ದು 83ರ ಸುಮಾರಿಗೇ ಪೂರ್ತಿ ತೆರೆಯುತ್ತದೆ. ನಿಮ್ಮ ಲಾರಿ ಘಾಟಿಯಲ್ಲಿ 103 ಡಿಗ್ರಿ ಮುಟ್ಟುತ್ತಿದೆ ಎಂದಾದರೆ ಆ ಹೊತ್ತಿಗೆ ಎರಡೂ ಬಾಯಿ ತೆರೆದು ನಿಂತಿರುತ್ತವೆ. ಎರಡರಲ್ಲೂ ಹರಿಯುವ ನೀರು ಒಂದೇ. ಕೆರೆಯ ತೂಬನ್ನು ಬೇಗ ಎತ್ತಿದರೂ ನಾಲೆ ಹೂಳಿನಿಂದ ತುಂಬಿದ್ದರೆ ಗದ್ದೆಗೆ ಹೋಗುವ ನೀರು ಹೆಚ್ಚುವುದಿಲ್ಲ.

ಹಾಗಾದರೆ ಕಡಿಮೆ ಡಿಗ್ರಿಯದ್ದರಿಂದ ಸಿಗುವುದೇನು? ಏರು ಶುರುವಾಗುವಾಗ ಎಂಜಿನ್ ಐದಾರರಿಂದ ಹತ್ತು–ಹನ್ನೊಂದು ಡಿಗ್ರಿ ತಣ್ಣಗಿರುತ್ತದೆ. ಅಷ್ಟರಿಂದ ಉಳಿಯುವುದು ಕೆಲವು ನಿಮಿಷ. ಸಣ್ಣ ದಿಬ್ಬಕ್ಕೆ ಅದು ಸಾಕು, ಘಾಟಿಗೆ ಸಾಲದು. ಈ ಲೆಕ್ಕ ಒಪ್ಪಿಗೆಯಾದರೆ ಮಾತ್ರ ಮುಂದೆ ಓದಿ.

ಕೈಯಲ್ಲಿ ಇರಬೇಕಾದ ಸಾಮಾನು

ಮುಟ್ಟದೆಯೇ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್, 110 ಡಿಗ್ರಿವರೆಗೆ ತೋರಿಸುವ, ನೀರಿನಲ್ಲಿ ಅದ್ದಬಹುದಾದ ಥರ್ಮಾಮೀಟರ್, ಅಡುಗೆಗೆ ಇನ್ನೆಂದೂ ಬಳಸದ ಹಳೆಯ ಪಾತ್ರೆ ಮತ್ತು ಸ್ಟೌವ್, ದಪ್ಪ ದಾರ, ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ವರ್ನಿಯರ್, ರಿಂಗ್ ಸ್ಪ್ಯಾನರ್ ಸೆಟ್, ಬೋಲ್ಟಿನ ಬಿಗಿತ ಅಳೆಯುವ ಟಾರ್ಕ್ ರೆಂಚ್, ಗ್ಯಾಸ್ಕೆಟ್ ಕೆರೆಯಲು ಮೊಂಡು ಸ್ಕ್ರೇಪರ್, ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಹಿಡಿಯಲು ಅಗಲವಾದ ಟಬ್, ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು. ಹೊಸ ಥರ್ಮೋಸ್ಟ್ಯಾಟ್ ಈ ಪಟ್ಟಿಯಲ್ಲಿ ಇಲ್ಲದಿರುವುದು ಮರೆತು ಅಲ್ಲ. ಅದನ್ನು ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲ.

ಹಂತ 1: ಮೀಟರ್ ನಿಜ ಹೇಳುತ್ತಿದೆಯೇ ನೋಡಿ

ಹಳೆಯ ಲಾರಿಗಳ ಟೆಂಪರೇಚರ್ ಮೀಟರಿನ ಮುಳ್ಳು ಸುಳ್ಳು ಹೇಳುವುದು ಸಾಮಾನ್ಯ. ಸೆನ್ಸರ್ ಕೆಟ್ಟಿರಬಹುದು, ಅರ್ಥ್ ವೈರ್ ಸಡಿಲವಾಗಿರಬಹುದು. ಲಾರಿಯನ್ನು ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಥರ್ಮೋಸ್ಟ್ಯಾಟ್ ಇರುವ ಹೌಸಿಂಗಿಗೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ.

ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಎಂಜಿನ್ ತಣ್ಣಗಿರುವಾಗಲೇ ಹೌಸಿಂಗ್ ಮೇಲೆ ಕಾಸಗಲ ಮ್ಯಾಟ್ ಕಪ್ಪು ಬಣ್ಣ ಬಳಿದುಕೊಂಡು ಅಲ್ಲಿಗೇ ಗುರಿ ಇಡಿ. ಇದನ್ನು ಮಾಡದೆ ‘ನನ್ನ ಎಂಜಿನ್ 60 ಡಿಗ್ರಿಯಲ್ಲೇ ಇದೆ’ ಎಂದು ಬೀಗುವವರು ಹಲವರು.

ಮೀಟರ್ ಕೆಂಪಿನ ಹತ್ತಿರ ಇದ್ದು ಹೌಸಿಂಗ್ 88 ತೋರಿಸಿದರೆ ನಿಮಗೆ ಬೇಕಾದದ್ದು ಸೆನ್ಸರ್. ಇಲ್ಲಿಗೇ ನಿಲ್ಲಿಸಿ.

ಹಂತ 2: ಕುದಿಯುವುದು ಯಾವಾಗ ಎಂದು ಗುರುತಿಸಿ

ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯೇರಿ, ಓಡತೊಡಗಿದಾಗ ಇಳಿಯುತ್ತದೆಯೇ? ಅದು ಫ್ಯಾನಿನ ತೊಂದರೆ. ಬೆಲ್ಟ್ ಸಡಿಲ, ಇಲ್ಲವೇ ವಿಸ್ಕಸ್ ಫ್ಯಾನ್ (ಬಿಸಿಯೇರಿದಾಗ ಬಿಗಿ ಹಿಡಿದು ಜೋರಾಗಿ ತಿರುಗುವ ಫ್ಯಾನ್) ಹಿಡಿಯುತ್ತಿಲ್ಲ. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ, ಕೀಲಿ ಕೈ ಜೇಬಿನಲ್ಲಿಟ್ಟುಕೊಂಡು, ವಿಸ್ಕಸ್ ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆಯಿಲ್ಲದೆ ಸುತ್ತು ಮೇಲೆ ಸುತ್ತು ಹೊಡೆದರೆ ಅದು ಸತ್ತಿದೆ.

ಹೊರಟ ಹತ್ತು ನಿಮಿಷದಲ್ಲೇ ಮುಳ್ಳು ಮೇಲಕ್ಕೆ ಜಿಗಿಯುತ್ತದೆ, ಆದರೆ ರೇಡಿಯೇಟರಿನ ಮೇಲಿನ ಹೋಸ್ ತಣ್ಣಗೇ ಇದೆ ಎಂದರೆ ಥರ್ಮೋಸ್ಟ್ಯಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದೆ, ಅಥವಾ ಒಳಗೆ ಗಾಳಿ ಸೇರಿದೆ. ಗಾಳಿಯಾದರೆ ಹಂತ 8ರಂತೆ ಹೊರತೆಗೆಯಿರಿ. ಸಿಕ್ಕಿಕೊಂಡಿದ್ದರೂ ಹಾಕಬೇಕಾದದ್ದು ಹೊಸದು, ಕಡಿಮೆ ಡಿಗ್ರಿಯದ್ದಲ್ಲ.

ಸಮತಟ್ಟಾದ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಬಿಸಿಯಾದರೆ ಕೆಳಗಿನ ಹೋಸನ್ನು ಸಂಶಯಿಸಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ ಪಂಪ್ ಎಳೆಯುವ ರಭಸಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ನಿಂತು ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಸಹಾಯಕನೊಬ್ಬ ಆಕ್ಸಿಲರೇಟರ್ ಒತ್ತಿದಾಗಲೇ ಗುಟ್ಟು ರಟ್ಟಾಗುವುದು.

ಲೋಡ್ ಇದ್ದು ಏರು ಹತ್ತುವಾಗ ಮಾತ್ರ ಕುದಿಯುವುದಾದರೆ ಮುಂದಿನ ಹಂತ ನಿಮಗೇ.

ಹಂತ 3: ಅಗ್ಗದ ಶಂಕಿತರನ್ನು ಮೊದಲು ಹಿಡಿಯಿರಿ

ಕ್ರಮ ಮುಖ್ಯ. ಎಂಜಿನ್ ಹೆಡ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿದ ಮೇಲೆ ರೇಡಿಯೇಟರ್ ಕ್ಯಾಪ್ ನೋಡಿದವರಿದ್ದಾರೆ.

ಮೊದಲು ಕ್ಯಾಪ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ತೆರೆಯಿರಿ. ಬಿಸಿಯಲ್ಲಿ ತೆರೆದರೆ ಮುಖ, ಕೈ ಬೇಯುತ್ತವೆ. ಕ್ಯಾಪ್ ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಬರಿ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ವಾಷರ್ ಸೀಳಿದ್ದರೆ ಒತ್ತಡ ನಿಲ್ಲುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಕಲೇಶಪುರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಘಾಟಿ ಮುಗಿಯುವ ಹೊತ್ತಿಗೆ ಎಂಜಿನ್ ಮಿತಿಮೀರಿ ಬಿಸಿಯಾಗದೆಯೂ ಲಾರಿ ಉಕ್ಕಿ ಚೆಲ್ಲಬಹುದು. ಇದಕ್ಕೆ ಔಷಧ ಹೊಸ ಕ್ಯಾಪ್, ಅದೇ ಒತ್ತಡದ್ದು.

ಆಮೇಲೆ ರೇಡಿಯೇಟರಿನ ಹೊರಮೈ. ಇಂಟರ್‌ಕೂಲರ್ (ಟರ್ಬೊದ ಗಾಳಿ ತಂಪಾಗಿಸುವ ಭಾಗ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಹೊಟ್ಟು, ಹುಳು, ಎಣ್ಣೆ ಮೆತ್ತಿದ ಧೂಳು ಕಂಬಳಿಯಷ್ಟು ದಪ್ಪ ಕೂತಿರುತ್ತದೆ. ಮುಂದಿನಿಂದ ಟಾರ್ಚ್ ಹಿಡಿದು ನೋಡಿದರೆ ಇದು ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ ಹೊರಗಿನ ಕಡೆಗೆ ನೀರು ಬಿಡಿ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

ಮೂರನೆಯದು ಒಳಗಿನ ಗಾರೆ. ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆಬಾವಿ ನೀರು ವರ್ಷಗಟ್ಟಲೆ ಸುರಿದ ರೇಡಿಯೇಟರಿನ ಟ್ಯೂಬುಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಪತ್ತೆ ಮಾಡಲು ಎಂಜಿನ್ ಬಿಸಿಯಿರುವಾಗ ಕೋರ್ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರನ್ನು ಸಾಲು ಸಾಲಾಗಿ ಹಾಯಿಸಿ. ಸುತ್ತ ಬಿಸಿ, ನಡುವೆ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ರಾಡಿಂಗ್ (ಟ್ಯೂಬಿನೊಳಗೆ ಸರಳು ಹಾಯಿಸಿ ಶುಚಿಗೊಳಿಸುವುದು) ಮಾಡಿಸಿ ಅಥವಾ ಕೋರ್ ಬದಲಿಸಿ.

ನಾಲ್ಕನೆಯದು, ಏರು ಹತ್ತಿಸಿದ ಕೂಡಲೇ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಹೋಸ್‌ಗಳ ಬಿಸಿ ಅಳೆಯುವುದು. ಎರಡೂ ಹೆಚ್ಚುಕಡಿಮೆ ಒಂದೇ ಸಮ ಸುಡುತ್ತಿದ್ದರೆ ನೀರು ಹರಿಯುತ್ತಿದೆ, ಗಾಳಿ ಬಿಸಿಯನ್ನು ಒಯ್ಯುತ್ತಿಲ್ಲ: ಫ್ಯಾನ್, ಫಿನ್, ಫ್ಯಾನಿನ ಸುತ್ತಲಿನ ಮುರಿದ ಕವಚ ನೋಡಿ. ಮೇಲೆ 100, ಕೆಳಗೆ 55 ಎಂಬಂತೆ ಭಾರೀ ಅಂತರ ಇದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ: ವಾಟರ್ ಪಂಪಿನ ಒಳಚಕ್ರವಾದ ಇಂಪೆಲ್ಲರ್, ಕಟ್ಟಿಕೊಂಡ ಕೋರ್, ಅರ್ಧ ತೆರೆಯುವ ಥರ್ಮೋಸ್ಟ್ಯಾಟ್.

ಕೊನೆಗೆ, ತಣ್ಣನೆಯ ಎಂಜಿನ್ನನ್ನು ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿ. ಮೊದಲ ನಿಮಿಷದಿಂದಲೇ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಸೋರುತ್ತಿರಬಹುದು. ಅದಕ್ಕೆ ಯಾವ ಡಿಗ್ರಿಯ ಥರ್ಮೋಸ್ಟ್ಯಾಟೂ ಮದ್ದಲ್ಲ.

ಇಷ್ಟರಲ್ಲಿ ಹೆಚ್ಚಿನವರ ಸಮಸ್ಯೆ ಮುಗಿದಿರುತ್ತದೆ.

ಹಂತ 4: ನಿಮ್ಮ ಎಂಜಿನ್‌ಗೆ ಇದು ಒಗ್ಗುತ್ತದೆಯೇ ತೀರ್ಮಾನಿಸಿ

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಲಾರಿ ನಿಮ್ಮದಾದರೆ ನನ್ನ ಉತ್ತರ ಬೇಡ ಎಂಬುದೇ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಕೂಲೆಂಟಿನ ಬಿಸಿ ನೋಡಿಯೇ ಡೀಸೆಲ್ ಸಿಂಪಡಿಸುವ ಸಮಯ, ಪ್ರಮಾಣ ನಿರ್ಧರಿಸುತ್ತದೆ. ಎಂಜಿನ್ ನಿಗದಿತ ಬಿಸಿ ಮುಟ್ಟದಿದ್ದರೆ ಅದು ಇನ್ನೂ ಬೆಚ್ಚಗಾಗುತ್ತಿದೆ ಎಂದೇ ತಿಳಿಯುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ವಾಹನಗಳಲ್ಲಿ ಮಸಿ ಸುಟ್ಟು ಸ್ವಚ್ಛಗೊಳಿಸುವ ಕ್ರಿಯೆ ಶುರುವಾಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ; ಕೊನೆಗೆ ಎಂಜಿನ್ ಶಕ್ತಿಯನ್ನೇ ಇಳಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡ್ ಬಂದರೆ ಅದರ ಅರ್ಥ, ಕೂಲೆಂಟ್ ಥರ್ಮೋಸ್ಟ್ಯಾಟಿನ ಮಟ್ಟಕ್ಕೆ ಏರುತ್ತಿಲ್ಲ ಎಂದು. ಇಸಿಯುವೇ ಡೀಸೆಲ್ ಸಿಂಪಡಿಸುವ ಬಿಎಸ್ 4 ಕಾಮನ್ ರೈಲ್ ಎಂಜಿನ್‌ಗಳಲ್ಲೂ ತಯಾರಕರ ಅಂಕಿಯನ್ನು ಬಿಟ್ಟು ಕದಲಬೇಡಿ.

ಉಳಿಯುವುದು ಮೆಕ್ಯಾನಿಕಲ್ ಡೀಸೆಲ್ ಪಂಪಿನ ಹಳೆಯ ಎಂಜಿನ್‌ಗಳು. ಅವುಗಳಲ್ಲೂ ಕಾರಣ ಬೇಕು. ಹಿಂದಿನ ಮಾಲೀಕ 82ರ ಜಾಗಕ್ಕೆ 88 ಹಾಕಿಸಿದ್ದರೆ ವಾಪಸ್ 82ಕ್ಕೆ ಬರುವುದು ನ್ಯಾಯ. ತಯಾರಕರ ಬಿಡಿಭಾಗ ಪುಸ್ತಕದಲ್ಲೇ ಬಿಸಿ ಪ್ರದೇಶಕ್ಕೆಂದು ಇನ್ನೊಂದು ಅಂಕಿ ಇದ್ದರೆ ಅದನ್ನು ಹಾಕಬಹುದು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳ 40 ದಾಟುವ ಬಿಸಿಲಿನಲ್ಲಿ ಸಣ್ಣ ಸಣ್ಣ ದಿಬ್ಬಗಳಿರುವ ಕ್ವಾರಿ ದಾರಿಯಲ್ಲಿ ಓಡುವ ಟಿಪ್ಪರಿಗೂ ಒಂದು ಮಟ್ಟ ಇಳಿಸುವುದರಲ್ಲಿ ಅರ್ಥವಿದೆ.

ಹಂತ 5: ಅಂಕಿ ಮತ್ತು ಅಳತೆ ಆರಿಸಿ

ಒಂದೇ ಮೆಟ್ಟಿಲು ಇಳಿಯಿರಿ. 88 ಇದ್ದರೆ 82ಕ್ಕೆ; 82 ಇದ್ದರೆ 76 ಅಥವಾ 77ಕ್ಕೆ. 71ಕ್ಕೆ ಇಳಿಯುವುದು ಲೋಡ್ ಲಾರಿಗೆ ಸಲ್ಲದು. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಲೈನರಿನ ಗೋಡೆ ಹಿಡಿದು ಆಯಿಲ್ ಸಂಪಿಗೆ ಇಳಿಯುತ್ತದೆ. ಆಯಿಲ್‌ನಲ್ಲಿ ಸೇರಿದ ನೀರಿನ ಅಂಶ ಆವಿಯಾಗದೆ ಉಳಿದು ಆಮ್ಲ, ಕೆಸರು ಹುಟ್ಟುತ್ತವೆ. ರಿಂಗ್, ಲೈನರ್ ಬೇಗ ಸವೆಯುತ್ತವೆ, ಮೈಲೇಜ್ ಬೀಳುತ್ತದೆ.

ಅಂಗಡಿಯಲ್ಲಿ ಆಗುವ ಮೊದಲ ಎಡವಟ್ಟು ಮಾನದ್ದು. ಕೆಲವು ಥರ್ಮೋಸ್ಟ್ಯಾಟ್ ಮೇಲೆ ಫ್ಯಾರನ್‌ಹೀಟ್ ಅಂಕಿ ಇರುತ್ತದೆ: 160 ಎಂದರೆ 71 ಸೆಲ್ಸಿಯಸ್, 170 ಎಂದರೆ 77, 180 ಎಂದರೆ 82, 190 ಎಂದರೆ 88. ಡಬ್ಬಿಯ ಚೀಟಿ ನಂಬಬೇಡಿ, ಲೋಹದ ಮೇಲೆ ಅಚ್ಚೊತ್ತಿದ್ದನ್ನು ಓದಿ.

ಎರಡನೆಯ ಎಡವಟ್ಟು ದುಬಾರಿಯದ್ದು. ಬಹುತೇಕ ಲಾರಿ ಡೀಸೆಲ್ ಎಂಜಿನ್‌ಗಳ ಥರ್ಮೋಸ್ಟ್ಯಾಟಿನ ಕೆಳತುದಿಯಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ವಾಲ್ವ್ ತೆರೆದಂತೆ ಈ ಬಿಲ್ಲೆ ಕೆಳಗಿಳಿದು ಬೈಪಾಸ್ ರಂಧ್ರವನ್ನು ಮುಚ್ಚುತ್ತದೆ. ಆಗಲೇ ನೀರೆಲ್ಲ ರೇಡಿಯೇಟರಿಗೆ ಹೋಗುವುದು. ಥರ್ಮೋಸ್ಟ್ಯಾಟ್ ಕಿತ್ತುಹಾಕಿದ ಲಾರಿ ಘಾಟಿಯಲ್ಲಿ ಇನ್ನಷ್ಟು ಬೇಗ ಕುದಿಯುವುದು ಇದೇ ಕಾರಣಕ್ಕೆ: ಬೈಪಾಸ್ ತೆರೆದೇ ಉಳಿದು ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಾಣದೆ ಎಂಜಿನ್ನಿಗೇ ಮರಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೌಂಟರ್ ಮೇಲೆ ಹಳೆಯದನ್ನಿಟ್ಟರೆ ‘ಅದೇ ಸೈಜ್ ಸಾರ್’ ಎಂದು ಇನ್ನೊಂದನ್ನು ಮುಂದಿಡುತ್ತಾರೆ. ಅಂಚಿನ ವ್ಯಾಸ ಹೊಂದಿರುತ್ತದೆ, ಕೂರುತ್ತದೆ ಕೂಡ. ಆದರೆ ಒಟ್ಟು ಎತ್ತರ ಮೂರು ಮಿಲಿಮೀಟರ್ ಕಡಿಮೆಯಿದ್ದರೂ ಬಿಲ್ಲೆ ಬೈಪಾಸನ್ನು ಮುಟ್ಟುವುದಿಲ್ಲ. ವರ್ನಿಯರ್ ಒಯ್ಯಿರಿ. ಅಂಚಿನ ವ್ಯಾಸ, ಒಟ್ಟು ಎತ್ತರ, ಕೆಳಗಿನ ಬಿಲ್ಲೆಯ ವ್ಯಾಸ ಮೂರನ್ನೂ ಅಳೆದು, ಪಾರ್ಟ್ ನಂಬರ್ ಹೋಲಿಸಿ ಕೊಳ್ಳಿ.

ಎರಡು ಥರ್ಮೋಸ್ಟ್ಯಾಟ್ ಇರುವ ಎಂಜಿನ್‌ಗಳಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಿ. ಎರಡೂ ಒಂದೇ ಅಂಕಿಯವೇ ಆಗಿರಬೇಕೆಂದಿಲ್ಲ: ಅಮೆರಿಕದ ಪಿಕಪ್‌ಗಳ ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್‌ನಲ್ಲಿ ತಯಾರಕರೇ 82 ಮತ್ತು 85ರ ಜೋಡಿ ಇಟ್ಟಿದ್ದಾರೆ. ಆದ್ದರಿಂದ ಯಾವುದು ಎಲ್ಲಿತ್ತು ಎಂದು ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ.

ಹಂತ 6: ಕೂರಿಸುವ ಮೊದಲು ಪಾತ್ರೆಯಲ್ಲಿ ಪರೀಕ್ಷಿಸಿ

ಹೊಸದು ಎಂದ ಮಾತ್ರಕ್ಕೆ ಸರಿಯಾಗಿರುತ್ತದೆ ಎಂದೇನಿಲ್ಲ. ವಾಲ್ವನ್ನು ಬೆರಳಿನಿಂದ ಅದುಮಿ ಬಾಯಿ ತೆರೆದು, ಸಂದಿಯಲ್ಲಿ ದಾರ ಸಿಕ್ಕಿಸಿ ಬಿಡಿ. ಸ್ಪ್ರಿಂಗ್ ದಾರವನ್ನು ಕಚ್ಚಿ ಹಿಡಿಯುತ್ತದೆ. ಅದೇ ದಾರದಿಂದ ಥರ್ಮೋಸ್ಟ್ಯಾಟನ್ನು ನೀರಿನಲ್ಲಿ ತೂಗುಬಿಡಿ. ಪಾತ್ರೆಯ ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು. ಪಕ್ಕದಲ್ಲೇ ಥರ್ಮಾಮೀಟರ್ ಇಳಿಬಿಟ್ಟು, ಸಣ್ಣ ಉರಿಯಲ್ಲಿ, ಆಗಾಗ ಕದಡುತ್ತ ಕಾಯಿಸಿ. ವಾಲ್ವ್ ಬಾಯಿ ಬಿಟ್ಟ ಕ್ಷಣ ಹಿಡಿತ ತಪ್ಪಿ ಥರ್ಮೋಸ್ಟ್ಯಾಟ್ ಟಣ್ಣನೆ ತಳಕ್ಕೆ ಬೀಳುತ್ತದೆ. ಆಗ ಥರ್ಮಾಮೀಟರ್ ತೋರಿಸುವುದೇ ಅದು ತೆರೆಯುವ ಬಿಸಿ. ಬರೆದ ಅಂಕಿಗಿಂತ ಎರಡು ಡಿಗ್ರಿ ಆಚೀಚೆ ಇದ್ದರೆ ಒಪ್ಪಬಹುದು. ಐದು ಡಿಗ್ರಿ ವ್ಯತ್ಯಾಸ ಬಂದರೆ ಹಿಂತಿರುಗಿಸಿ.

ಜೋರು ಉರಿ ಇಟ್ಟರೆ ನೀರು ಬಿಸಿಯಾದಷ್ಟು ಬೇಗ ಒಳಗಿನ ಮೇಣ ಬಿಸಿಯಾಗುವುದಿಲ್ಲ. ಒಳ್ಳೆಯದನ್ನೂ ಕೆಟ್ಟದ್ದೆಂದು ಹಿಂದಿರುಗಿಸಿದ ಅವಸರಗಾರರು ಇದ್ದಾರೆ.

ನೀರು 95 (88ರದ್ದಾದರೆ 100ರ ಸುಮಾರು) ಮುಟ್ಟಿದಾಗ ಹೊರತೆಗೆದು ಎಷ್ಟು ತೆರೆದಿದೆ ಎಂದು ಕೂಡಲೇ ಅಳೆಯಿರಿ. ತಯಾರಕರು ಹೇಳಿದ ಏರಿಕೆ, ಸಾಮಾನ್ಯವಾಗಿ ಎಂಟು ಮಿಲಿಮೀಟರ್ ಸುಮಾರು, ಬರಬೇಕು. ತಣಿದ ಮೇಲೆ ಪೂರ್ತಿ ಮುಚ್ಚಿಕೊಳ್ಳಬೇಕು. ಹಳೆಯದನ್ನೂ ಇದೇ ಪಾತ್ರೆಗೆ ಇಳಿಸಿ ನೋಡಿ: ಎಂಟರ ಜಾಗದಲ್ಲಿ ಮೂರೇ ಮಿಲಿಮೀಟರ್ ತೆರೆದರೆ ನಿಮ್ಮ ಘಾಟಿ ಸಮಸ್ಯೆಯ ಮೂಲ ಸಿಕ್ಕಿತು. ಹಾಗಿದ್ದರೆ ಮೂಲ ಅಂಕಿಯ ಹೊಸದನ್ನೇ ಹಾಕಿ, ಡಿಗ್ರಿ ಇಳಿಸುವ ಗೊಡವೆ ಬಿಡಿ.

ಹಂತ 7: ಬಿಚ್ಚಿ ಕೂರಿಸುವುದು

ಎಂಜಿನ್ ಪೂರ್ತಿ ತಣಿದಿರಲಿ. ಕೂಲೆಂಟನ್ನು ಟಬ್ಬಿಗೆ ಇಳಿಸಿ. ಸಿಹಿ ರುಚಿಯ ಈ ದ್ರವ ನಾಯಿ, ದನಗಳಿಗೆ ವಿಷ, ಚರಂಡಿಗೋ ಶೆಡ್ಡಿನ ಹಿಂದಕ್ಕೋ ಚೆಲ್ಲಬೇಡಿ. ಹೌಸಿಂಗ್ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಕೆರೆಯುವಾಗ ಎಂಜಿನ್ ಬಾಯಿಗೆ ಬಟ್ಟೆ ತುರುಕಿ, ಮರೆಯದೆ ತೆಗೆಯಿರಿ.

ಸ್ಪ್ರಿಂಗ್ ಮತ್ತು ಮೇಣದ ಗುಂಡು ಇರುವ ಭಾಗ ಎಂಜಿನ್ ಕಡೆಗೆ. ತಿರುವುಮುರುವು ಕೂರಿಸಿದರೆ ಬಿಸಿ ನೀರು ಮೇಣವನ್ನು ಮುಟ್ಟದೆ, ವಾಲ್ವ್ ತಡವಾಗಿ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ, ನಿಲುವಾಗಿ ಕೂರುವ ಹೌಸಿಂಗಿನಲ್ಲಿ ಅದು ಮೇಲ್ತುದಿಗೆ ಬರಬೇಕು; ಸಿಕ್ಕಿಬಿದ್ದ ಗಾಳಿ ಹೊರಹೋಗುವ ದಾರಿ ಅದು. ಕೆಲವರು ಅಂಚಿನಲ್ಲಿ ನಾಲ್ಕೈದು ರಂಧ್ರ ಕೊರೆಯುತ್ತಾರೆ. ಆಮೇಲೆ ಎಂಜಿನ್ ಬೆಚ್ಚಗಾಗುವುದೇ ಇಲ್ಲ. ಕೊರೆಯಬೇಡಿ.

ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಸಿ. ಎಂಟು ಮಿಲಿಮೀಟರಿನ ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು. ನಿಮ್ಮ ಎಂಜಿನ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಪೈಪ್ ತೊಡಿಸಿ ಎಳೆದರೆ ಅಲ್ಯೂಮಿನಿಯಂ ಹೌಸಿಂಗಿನ ಕಿವಿ ಮುರಿದು ಕೈಗೆ ಬರುತ್ತದೆ.

ಹಂತ 8: ತುಂಬಿಸಿ, ಗಾಳಿ ತೆಗೆಯಿರಿ

ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಬೆರೆಸಿ ನಿಧಾನವಾಗಿ ಸುರಿಯಿರಿ. ಬೇರೆ ಜಾತಿಯ ಕೂಲೆಂಟ್‌ಗಳನ್ನು ಬಣ್ಣ ನೋಡಿ ಬೆರೆಸಬೇಡಿ. ಗಾಳಿ ಬಿಡುವ ಪ್ಲಗ್ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತೆರೆದಿಡಿ. ನಂತರ ಕ್ಯಾಪ್ ಹಾಕದೆ ಎಂಜಿನ್ ಓಡಿಸಿ, ಮೇಲಿನ ಹೋಸ್ ಬಿಸಿಯಾಗುವುದನ್ನು ಕಾಯಿರಿ. ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಮತ್ತೆ ತುಂಬಿಸಿ ಕ್ಯಾಪ್ ಹಾಕಿ. ಒಮ್ಮೆ ಓಡಿಸಿ, ರಾತ್ರಿ ತಣಿದ ಮೇಲೆ ಬೆಳಗ್ಗೆ ಮತ್ತೊಮ್ಮೆ ಮಟ್ಟ ನೋಡಿ. ಬೆಳಗಿನ ಈ ನೋಟವನ್ನು ಬಿಟ್ಟವರೇ ‘ಹೊಸ ಥರ್ಮೋಸ್ಟ್ಯಾಟ್ ಹಾಕಿದ ಮೇಲೆ ಹೆಚ್ಚು ಕುದಿಯುತ್ತಿದೆ’ ಎಂದು ದೂರುವವರು.

ಹಂತ 9: ರಸ್ತೆಯಲ್ಲಿ ನೋಡಬೇಕಾದ ಸೂಚನೆಗಳು

ಮೊದಲು ಖಾಲಿ ಲಾರಿ, ಸಮತಟ್ಟು ರಸ್ತೆ, ಆಮೇಲೆ ಅರ್ಧ ಲೋಡ್, ಘಾಟಿ ಕೊನೆಗೆ. ಸಮ ರಸ್ತೆಯಲ್ಲಿ ಬಿಸಿ ಹೊಸ ಅಂಕಿಯ ಆಸುಪಾಸಿನಲ್ಲೇ ನಿಲ್ಲಬೇಕು.

ಅರ್ಧ ಗಂಟೆ ಓಡಿದರೂ 70 ಮುಟ್ಟದಿದ್ದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ಕಣ್ಣು ಉರಿಸಿದರೆ, ಆಯಿಲ್ ಮಟ್ಟ ಇಳಿಯುವ ಬದಲು ಏರಿ ಕಡ್ಡಿಯಲ್ಲಿ ಡೀಸೆಲ್ ವಾಸನೆ ಬಂದರೆ, ಆಯಿಲ್ ಕ್ಯಾಪಿನ ಒಳಗೆ ಕೆನೆಬಣ್ಣದ ಲೋಳೆ ಕಟ್ಟಿದರೆ, ಎಂಜಿನ್ ಬೇಕಾದದ್ದಕ್ಕಿಂತ ತಣ್ಣಗಿದೆ. ಮೂಲ ಅಂಕಿಗೆ ಮರಳಿ. ಆಯಿಲ್‌ನಲ್ಲಿ ಡೀಸೆಲ್ ಸೇರಿದ್ದರೆ ಆಯಿಲನ್ನೂ ಬದಲಿಸಿ. ಕೆನೆಯ ಲೋಳೆಯ ಜೊತೆಗೆ ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ವಿಷಯ ಬೇರೆ, ಹೆಡ್ ಗ್ಯಾಸ್ಕೆಟ್ ಕಡೆ ನೋಡಿ.

ಘಾಟಿಯಲ್ಲಿ ಮುಳ್ಳು ಮೊದಲಿಗಿಂತ ತಡವಾಗಿ, ಆದರೆ ಅದೇ ಜಾಗಕ್ಕೆ ಏರಿತೇ? ರೇಡಿಯೇಟರಿನ ಶಕ್ತಿ ಸಾಲುತ್ತಿಲ್ಲ, ಅಥವಾ ಲೋಡ್ ಹೆಚ್ಚಾಗಿದೆ, ಅಥವಾ ಡೀಸೆಲ್ ಪಂಪನ್ನು ಯಾರೋ ತಿರುಗಿಸಿ ಡೀಸೆಲ್ ಪ್ರಮಾಣ ಹೆಚ್ಚಿಸಿದ್ದಾರೆ. ಮೂರನೇ ಹಂತಕ್ಕೆ ವಾಪಸ್ ಹೋಗಿ. ಇನ್ನೂ ಕಡಿಮೆ ಡಿಗ್ರಿಯದ್ದನ್ನು ಹುಡುಕಬೇಡಿ. ಅಲ್ಲಿಯವರೆಗೆ ಚಿಕ್ಕ ಗೇರಿನಲ್ಲಿ, ಆರ್‌ಪಿಎಂ ಬೀಳದಂತೆ ಹತ್ತಿಸಿ. ಫ್ಯಾನ್, ಪಂಪ್ ಎರಡೂ ಚುರುಕಾಗಿ ತಿರುಗುತ್ತವೆ.

ಮುಳ್ಳು ಕೆಂಪಿಗೆ ಹೋದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ನೀರು ಚೆಲ್ಲಿ ಹೋಗಿಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ ಐಡಲ್‌ಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಕೆಲವು ನಿಮಿಷ ಓಡಿಸಿ ಬಿಸಿ ಇಳಿಸಿ. ಚೆಲ್ಲಿದ್ದರೆ ತಕ್ಷಣ ಆಫ್ ಮಾಡಿ. ಕಾದ ಎಂಜಿನ್ ಮೇಲೆ ಅಥವಾ ಒಳಗೆ ತೊರೆಯ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಎಲ್ಲ ಸರಿಹೋದ ಮೇಲೆ ಹೌಸಿಂಗಿನ ಪಕ್ಕದಲ್ಲಿ ಹೊಸ ಥರ್ಮೋಸ್ಟ್ಯಾಟಿನ ಡಿಗ್ರಿ ಮತ್ತು ಬದಲಿಸಿದ ತಿಂಗಳನ್ನು ಪೇಂಟಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದಿನ ಮೆಕ್ಯಾನಿಕ್ ನಿಮ್ಮ 76ನ್ನೇ ಕಂಪನಿಯ ಅಂಕಿ ಎಂದುಕೊಂಡು ಇನ್ನೊಂದು ಮೆಟ್ಟಿಲು ಇಳಿಸುತ್ತಾನೆ.